ಚಪ್ಪಟೆ ಪರದೆಯ ಅಂಕಿಗಳು ಮತ್ತು ಅವುಗಳ ಅರ್ಥ

ಕೋಲ್ಕತ್ತದ ಡಮ್ ಡಮ್‌ನಲ್ಲಿರುವ ವಿಮಾನ ನಿಲ್ದಾಣಕ್ಕೆ 1995ರಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರ ಹೆಸರನ್ನಿಡಲಾಯಿತು. ದೇಶದ ನಾಲ್ಕು ಪ್ರಧಾನ ವಾಯು ಮಾಹಿತಿ ವಲಯಗಳಲ್ಲಿ ಕೋಲ್ಕತ್ತವೂ ಒಂದು. ಇಂತಹ ನಿಲ್ದಾಣದಲ್ಲಿ ಎರಡು ಬಗೆಯ ನೋಟಕರಿರುತ್ತಾರೆ. ನಿರ್ಗಮನ ವೇಳೆಯ ಫಲಕವನ್ನು ನೂರಾರು ಪ್ರಯಾಣಿಕರು ನಾನಾ ದಿಕ್ಕುಗಳಿಂದ ಕ್ಷಣಕಾಲ ನೋಡುತ್ತಾರೆ. ವಿಮಾನ ಸಂಚಾರ ನಿಯಂತ್ರಕರಾದರೋ ರೇಡಾರ್ ಪರದೆಯ ಎದುರು ಕುಳಿತು ಎಡೆಬಿಡದೆ ಗಮನಿಸಬೇಕಾಗುತ್ತದೆ. ಒಂದೇ ಬಗೆಯ ಪರದೆ ಈ ಇಬ್ಬರಿಗೂ ಸರಿಹೋಗುವುದಿಲ್ಲ. ಯಾವುದು ಯಾರಿಗೆ ತಕ್ಕದ್ದೆಂಬುದನ್ನು ತಿಳಿಸುವುದೇ ತಾಂತ್ರಿಕ ವಿವರಗಳ ಪಟ್ಟಿ.

ಪಟ್ಟಿಯ ಮೊದಲ ಅಂಶ ಪಿಕ್ಸೆಲ್ ಎಂಬ ಚಿತ್ರಬಿಂದುಗಳ ಸಂಖ್ಯೆ. 1,280 ಮತ್ತು 1,024 ಬಿಂದುಗಳ 17 ಅಂಗುಲದ ಪರದೆಯಲ್ಲಿ ಒಟ್ಟು 13,10,720 ಬಿಂದುಗಳಿರುತ್ತವೆ. ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿ ಎಂಬ ಮೂರು ಭಾಗಗಳಿಂದ ಆಗಿದ್ದು, ಎರಡು ಬಿಂದುಗಳ ನಡುವಣ ಅಂತರ ಸುಮಾರು 0.264 ಮಿಲಿಮೀಟರ್. ರೇಡಾರ್ ಕಾರ್ಯಕ್ಕೆಂದೇ ತಯಾರಾಗುವ ಚೌಕ ಪರದೆಗಳಲ್ಲಿ ಎರಡೂ ಬದಿಗೆ 2,048ರಂತೆ 41,94,304 ಬಿಂದುಗಳಿರುವುದುಂಟು. ವಿಮಾನಗಳ ಗುರುತುಗಳು ಒತ್ತೊತ್ತಾಗಿ ಬಂದಾಗ ಸಣ್ಣ ಅಕ್ಷರ ಮಸುಕಾದರೆ ಅದು ಜೀವಗಳ ಪ್ರಶ್ನೆಯಾಗುತ್ತದೆ.

ಎರಡನೆಯ ಅಂಶ ನೋಟದ ಕೋನ. ಗ್ರಾಹಕರು ಬಹುಮಟ್ಟಿಗೆ ತಪ್ಪಾಗಿ ತಿಳಿಯುವುದು ಇದನ್ನೇ. 160 ಡಿಗ್ರಿ ಎಂದು ನಮೂದಾಗಿದ್ದರೆ ಅಲ್ಲಿಯವರೆಗೂ ಚಿತ್ರ ಸೊಗಸಾಗಿರುತ್ತದೆಂದು ಅರ್ಥವಲ್ಲ. ಬಿಳುಪಿನ ಕಾಂತಿಯು ಕಪ್ಪಿನ ಹತ್ತು ಪಟ್ಟಿಗೆ ಇಳಿಯುವ ಎಲ್ಲೆಯನ್ನು ಅದು ಸಾಮಾನ್ಯವಾಗಿ ಸೂಚಿಸುತ್ತದೆ. ಕೆಲವು ತಯಾರಕರು ಐದು ಪಟ್ಟಿನ ಎಲ್ಲೆಯನ್ನು ಹಿಡಿದು ದೊಡ್ಡ ಸಂಖ್ಯೆಯನ್ನು ಮುದ್ರಿಸಿದ್ದೂ ಉಂಟು.

ಈ ಮಿತಿಯ ಮೂಲ ದ್ರವ ಸ್ಫಟಿಕದ ಸ್ವಭಾವದಲ್ಲಿದೆ. 1888ರಲ್ಲಿ ಆಸ್ಟ್ರಿಯದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಗಮನಿಸಿದ ಈ ದ್ರವ್ಯಸ್ಥಿತಿಯನ್ನು 1971ರ ವೇಳೆಗೆ ತಿರುಚು ಜೋಡಣೆಯ ಪರದೆಯಲ್ಲಿ ಬಳಸುವ ಬಗೆ ತಿಳಿದುಬಂತು. ಅದರಲ್ಲಿ ಕಡ್ಡಿಯಾಕಾರದ ಅಣುಗಳು ವಿದ್ಯುತ್ ಒತ್ತಡಕ್ಕೆ ಎದ್ದುನಿಂತು ಬೆಳಕನ್ನು ತಡೆಯುತ್ತವೆ. ಗಾಜಿಗೆ ಅಂಟಿದ ಅಣುಗಳು ಮಾತ್ರ ಪೂರ್ಣವಾಗಿ ಏಳಲಾರವು. ಆದುದರಿಂದ ಓರೆಯಾಗಿ ನೋಡುವವರಿಗೆ ಕಪ್ಪಿನಲ್ಲಿಯೂ ಬೆಳಕು ಸೋರಿದಂತೆ ಕಾಣುತ್ತದೆ.

ಇದಕ್ಕೆ ಪರಿಹಾರ ದೊರೆತುದರಲ್ಲಿ ಕರ್ನಾಟಕದ ಪಾಲೂ ಇದೆ. 1930ರಲ್ಲಿ ಕಲ್ಕತ್ತದಲ್ಲಿ ಜನಿಸಿದ ಪ್ರೊ. ಎಸ್. ಚಂದ್ರಶೇಖರ್ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದು, 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದರು. 1977ರಲ್ಲಿ ಅವರು ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ, ಬಿಲ್ಲೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗಬಲ್ಲವೆಂದು ತೋರಿಸಿದರು. ಆಗ ಅದು ಶುದ್ಧ ವಿಜ್ಞಾನದ ಶೋಧನೆ. 1990ರ ದಶಕದಲ್ಲಿ ಜಪಾನಿನಲ್ಲಿ ಅಂತಹ ಅಣುಗಳ ತೆಳು ಪೊರೆಯನ್ನು ಪರದೆಗೆ ಹೊದಿಸಲಾಯಿತು. ಬಿಲ್ಲೆಗಳ ಬೆಳಕಿನ ಗುಣ ಕಡ್ಡಿಗಳ ಗುಣಕ್ಕೆ ವಿರುದ್ಧವಾದುದರಿಂದ, ಒಂದರ ದೋಷವನ್ನು ಮತ್ತೊಂದು ಬಹುಪಾಲು ಅಳಿಸಿ ನೋಟದ ಕೋನ ವಿಸ್ತಾರವಾಯಿತು. ಪ್ರಯೋಗಶಾಲೆಯ ಕುತೂಹಲವು ಸುಮಾರು ಎರಡು ದಶಕಗಳಲ್ಲಿ ಜನರ ಮೇಜಿನ ಮೇಲಕ್ಕೆ ಬಂದಿತು.

ಉಳಿದ ಅಂಕಿಗಳೂ ಬಳಕೆಯನ್ನೇ ಅವಲಂಬಿಸಿವೆ. ಕಚೇರಿಯ ಕೊಠಡಿಗೆ ಚದರ ಮೀಟರಿಗೆ 250 ಕ್ಯಾಂಡೆಲಾ ಕಾಂತಿ ಸಾಕು. ಬಿಸಿಲು ಬೀಳುವ ಗಾಜಿನ ಮಂದಿರಕ್ಕೆ ಅದು ಸಾಲದು. ಕತ್ತಲೆ ಕೋಣೆಯಲ್ಲಿ ಅಷ್ಟು ಕಾಂತಿಯೇ ಕಣ್ಣಿಗೆ ಆಯಾಸ ತರುವುದರಿಂದ, ಎಷ್ಟು ತಗ್ಗಿಸಬಹುದೆಂಬುದನ್ನೂ ನೋಡಬೇಕು. ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ ಪರದೆಗೆ ಒಂದೊಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16.7 ಮಿಲಿಸೆಕೆಂಡು. ಅಣುಗಳ ಸ್ಪಂದನೆ ಇದಕ್ಕಿಂತ ನಿಧಾನವಾದರೆ ಚಲಿಸುವ ಗುರುತಿನ ಹಿಂದೆ ನೆರಳು ಎಳೆದಂತಾಗುತ್ತದೆ.

ಶಾಲೆ, ಗ್ರಂಥಾಲಯ, ಪಂಚಾಯತಿ ಕಚೇರಿಗಳಿಗೆ ಪರದೆ ಕೊಳ್ಳುವವರು ಅಂಗುಲ ಮತ್ತು ಬೆಲೆಗಳನ್ನು ಮಾತ್ರ ಹೋಲಿಸಿದರೆ ಸಾರ್ವಜನಿಕ ಹಣ ವ್ಯರ್ಥವಾಗಬಹುದು. ಹತ್ತು ಮಕ್ಕಳು ಸುತ್ತ ನಿಂತು ನೋಡುವ ಪರದೆಗೆ ವಿಶಾಲ ಕೋನ ಬೇಕು. ದಿನವಿಡೀ ಅಕ್ಷರ ಜೋಡಿಸುವವರಿಗೆ ಸ್ಪಷ್ಟ ಬಿಂದುಗಳು ಬೇಕು. ಯಾರು, ಎಲ್ಲಿಂದ, ಎಷ್ಟು ಹೊತ್ತು ನೋಡುತ್ತಾರೆಂಬುದನ್ನು ಮೊದಲು ಬರೆದಿಟ್ಟುಕೊಂಡು, ಅನಂತರ ಪಟ್ಟಿಯನ್ನು ಓದುವುದು ಕ್ಷೇಮಕರ.