ಆಫ್ರಿಕ: ನೆಲ ಮತ್ತು ಜನ

ಆಫ್ರಿಕ ಖಂಡದ ವಿಸ್ತೀರ್ಣ ಸುಮಾರು 3 ಕೋಟಿ ಚದರ ಕಿಲೋಮೀಟರ್. ಭಾರತದಂಥ ಒಂಬತ್ತು ದೇಶಗಳು ಅದರಲ್ಲಿ ಹಿಡಿಸುತ್ತವೆ. ಖಂಡದ ಬಹುಭಾಗ ಎತ್ತರದ ಪ್ರಸ್ಥಭೂಮಿ; ಕರಾವಳಿಯ ಬಯಲು ಕಿರಿದು. ಹೀಗಾಗಿ ಹಲವು ದೊಡ್ಡ ನದಿಗಳೂ ಕಡಲು ಹತ್ತಿರವಾದಾಗ ಬಂಡೆಗಳ ನಡುವೆ ಧುಮುಕುತ್ತವೆ. ಕಾಂಗೊ ನದಿಯಲ್ಲಿ ಒಳನಾಡಿನಲ್ಲಿ ಬಹುದೂರ ಹಡಗು ಓಡಾಡುತ್ತದೆ. ಆದರೆ ಕಿನ್ಶಾಸಾದಿಂದ ಮಟಾಡಿ ಬಂದರಿನವರೆಗೆ ದೋಣಿಯೂ ಸಾಗದು. ಆ ಹಾದಿಗೆಂದೇ 1898ರಲ್ಲಿ ರೈಲುಮಾರ್ಗ ಮುಗಿಯಿತು. ಕಡಲಿನಿಂದ ಬಂದ ಯುರೋಪಿಯನ್ನರಿಗೆ ಒಳನಾಡು ಬಹುಕಾಲ ದಕ್ಕದೇ ಹೋದದ್ದಕ್ಕೆ ಇದೂ ಒಂದು ಕಾರಣ. ಅವರು ‘ಕತ್ತಲ ಖಂಡ’ ಎಂದದ್ದು ತಮ್ಮ ಅರಿವಿನ ಕೊರತೆಗೇ ಹೊರತು ಆ ನೆಲಕ್ಕೆ ಒಪ್ಪುವ ಮಾತಲ್ಲ. ಯುರೋಪಿನ ಹಡಗುಗಳು ಬರುವ ಮೊದಲೇ ಮಾಲಿಯ ಟಿಂಬಕ್ಟು ವ್ಯಾಪಾರಕ್ಕೂ ವಿದ್ಯೆಗೂ ಹೆಸರಾಗಿತ್ತು.

ಭೂಮಧ್ಯರೇಖೆ ಖಂಡದ ನಡುವೆಯೇ ಹಾದುಹೋಗುತ್ತದೆ. ಅದರ ಆಸುಪಾಸಿನಲ್ಲಿ ದಟ್ಟ ಮಳೆಕಾಡು; ಅದರಾಚೆ ಎರಡೂ ಕಡೆ ಹುಲ್ಲುಗಾವಲು, ಮುಂದೆ ಮರುಭೂಮಿ. ಉತ್ತರದಲ್ಲಿ ಸಹಾರಾ, ದಕ್ಷಿಣದಲ್ಲಿ ಕಲಹರಿ, ನಮೀಬ್. ಸಹಾರಾದ ದಕ್ಷಿಣ ಅಂಚಿನ ಒಣ ಪಟ್ಟಿಗೆ ಸಾಹೆಲ್ ಎಂದು ಹೆಸರು. ಸೆನೆಗಲ್‌ನಿಂದ ಸುಡಾನ್‌ವರೆಗೆ ಅಲ್ಲಲ್ಲಿ ಹರಡಿರುವ ಫುಲಾನಿ ದನಗಾಹಿಗಳ ಬದುಕು ಇಲ್ಲಿನ ಮಳೆಯನ್ನೇ ನಂಬಿದೆ. ಮಳೆ ಶುರುವಾದರೆ ಮಂದೆ ಉತ್ತರಕ್ಕೆ ಏರುತ್ತದೆ. ಏಕೆಂದರೆ ಆಗ ದಕ್ಷಿಣದ ತೇವದ ಕಾಡುಗಳಲ್ಲಿ ಟ್ಸೆಟ್ಸೆ ನೊಣದ ಕಾಟ. ಅದು ಕಚ್ಚಿದ ದನಕ್ಕೆ ಪ್ರಾಣಾಂತಿಕ ರೋಗ ಅಂಟಬಹುದು. ಒಣಗಾಲ ಬಂದಾಗ ಮಂದೆ ದಕ್ಷಿಣಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ರೈತರ ಕೊಯ್ಲು ಮುಗಿದಿರುತ್ತದೆ. ಹೊಲದಲ್ಲಿ ಉಳಿದ ಕೂಳೆ ದನಗಳಿಗೆ ಮೇವು, ಅವುಗಳ ಸಗಣಿ ನೆಲಕ್ಕೆ ಗೊಬ್ಬರ. ಕರ್ನಾಟಕದ ಬಯಲುಸೀಮೆಯಲ್ಲಿ ರೈತರು ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಳ್ಳುವ ರೂಢಿಯಂತೆಯೇ ಇದೂ ಕೊಟ್ಟು ತೆಗೆದುಕೊಳ್ಳುವ ವ್ಯವಹಾರ.

ಬೇಸಾಯವೂ ಇಲ್ಲಿ ಬಹಳ ಹಳೆಯದು. ಕನ್ನಡಿಗರ ತಟ್ಟೆಯ ರಾಗಿ, ಜೋಳ ಎರಡೂ ಮೊದಲು ಬೆಳೆಯಾದದ್ದು ಆಫ್ರಿಕದಲ್ಲೇ. ಇಂದಿನ ನೈಜೀರಿಯ–ಕ್ಯಾಮರೂನ್ ಗಡಿಯ ಸುತ್ತಿನಿಂದ ಹೊರಟ, ಬೇಸಾಯ ಬಲ್ಲ ಬಂಟು ಭಾಷಿಕರು ಸಾವಿರಾರು ವರ್ಷಗಳಲ್ಲಿ ಖಂಡದ ದಕ್ಷಿಣಾರ್ಧವನ್ನು ತುಂಬಿದರು. ಅಲ್ಲಿ ಮೊದಲಿನಿಂದ ಇದ್ದ ಸ್ಯಾನ್ ಬೇಟೆಗಾರರು ಬಹುಮಟ್ಟಿಗೆ ಕಲಹರಿಯ ಕಡೆಗೆ ಉಳಿದರು. ಖಂಡದಲ್ಲಿ ಇಂದು ಸುಮಾರು 2,000 ಭಾಷೆಗಳಿವೆ. ಈ ಖಂಡದ ನಂಟು ಕರ್ನಾಟಕಕ್ಕೂ ಇದೆ: ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಾಡುಗಳ ಸಿದ್ದಿ ಜನರ ಪೂರ್ವಿಕರೂ ಆಫ್ರಿಕದವರು. ಅವರಲ್ಲಿ ಅನೇಕರು ಗುಲಾಮರಾಗಿ ಕಡಲು ದಾಟಬೇಕಾಯಿತು.

1884–85ರ ಬರ್ಲಿನ್ ಸಮ್ಮೇಳನದಲ್ಲಿ ಯುರೋಪಿನ ರಾಷ್ಟ್ರಗಳು ಖಂಡವನ್ನು ಆಕ್ರಮಿಸಲು ನಿಯಮ ಮಾಡಿಕೊಂಡವು. ಆಫ್ರಿಕದ ಒಬ್ಬ ಪ್ರತಿನಿಧಿಯೂ ಅಲ್ಲಿರಲಿಲ್ಲ. ಆಮೇಲೆ ಎಳೆದ ಗಡಿಗಳು ಸೋಮಾಲಿ ಜನರನ್ನು ಸೋಮಾಲಿಯಾ, ಇಥಿಯೋಪಿಯಾ, ಕೆನ್ಯಾ, ಜಿಬೂಟಿಗಳಲ್ಲಿ ಹಂಚಿದವು. ದನಗಾಹಿಗಳ ಹಾದಿಗೂ ಅಡ್ಡ ಬಂದವು. ಸ್ವಾತಂತ್ರ್ಯದ ನಂತರವೂ ಹೊಸ ದೇಶಗಳು ಬಹುತೇಕ ಅವೇ ಗಡಿಗಳನ್ನು ಉಳಿಸಿಕೊಂಡವು. ಪಶ್ಚಿಮ ಆಫ್ರಿಕದ ರಾಷ್ಟ್ರಗಳ ಆರ್ಥಿಕ ಸಮುದಾಯ 1998ರಲ್ಲಿ ಗಡಿ ದಾಟುವ ಮಂದೆಗಳಿಗೆ ಪ್ರಮಾಣಪತ್ರವನ್ನು ಜಾರಿಗೆ ತಂದಿತು. ದನಗಳ ಲೆಕ್ಕ, ಹಾಕಿಸಿದ ಲಸಿಕೆ, ಹೋಗುವ ಹಾದಿ ಅದರಲ್ಲಿ ದಾಖಲಾಗಿರಬೇಕು.