ಅವಸರದ ದುಡ್ಡು, ನಿಧಾನದ ದುಡ್ಡು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಉಳಿತಾಯದ ಬಗ್ಗೆ ನಾಲ್ಕು ಮಾತಾಡಿ ಎಂದಿದ್ದಾರೆ. ಉಪದೇಶ ಮಾಡುವ ಯೋಗ್ಯತೆ ನಮಗಿಲ್ಲ. ದುಡ್ಡು ಕಳಕೊಂಡವರು ನಾವು, ಅದನ್ನೇ ಹೇಳ್ತೀವಿ.

ಈ ಸಂಘ ಹುಟ್ಟುವ ಮೊದಲಿನ ಸಂಗತಿ, 1992ರ ಏಪ್ರಿಲ್. ಮುಂಬಯಿ ಷೇರುಪೇಟೆಯ ಸೂಚ್ಯಂಕ ಒಂದೇ ವರ್ಷದಲ್ಲಿ ಮೂರು ಪಟ್ಟು ಮೀರಿ 4,467 ಮುಟ್ಟಿತ್ತು. ಹರ್ಷದ್ ಮೆಹತಾ ಹೆಸರು ಕ್ಷೌರದಂಗಡಿಯಲ್ಲೂ ಕೇಳಿಬರುತ್ತಿತ್ತು. ನಾವು ಮೂವರು ಗೆಳೆಯರು ರೇಷ್ಮೆಗೂಡು ಮಾರಿದ ದುಡ್ಡು ಸೇರಿಸಿ ಷೇರು ಕೊಂಡೆವು. ಯಾವ ಕಂಪನಿ, ಏನು ತಯಾರು ಮಾಡುತ್ತೆ ಅಂತ ಒಬ್ಬರೂ ಕೇಳಲಿಲ್ಲ. ಅದೇ ತಿಂಗಳು ಬ್ಯಾಂಕಿನ ಹಣ ಪೇಟೆಗೆ ಹರಿದ ಹಗರಣ ಬಯಲಾಯಿತು. 28ನೇ ತಾರೀಖು ಒಂದೇ ದಿನ ಸೂಚ್ಯಂಕ ನೂರಕ್ಕೆ 12ಕ್ಕಿಂತ ಹೆಚ್ಚು ಕುಸಿಯಿತು. ನಮ್ಮಲ್ಲೊಬ್ಬ ತಂಗಿಯ ಮದುವೆಗೆ ಇಟ್ಟಿದ್ದ ದುಡ್ಡು ಹಾಕಿದ್ದ. ಮದುವೆ ಎರಡು ವರ್ಷ ಮುಂದೆ ಹೋಯಿತು. ಆ ತಂಗಿ ಊಟ ಬಡಿಸುವಾಗ ಅವನು ತಲೆ ಎತ್ತುತ್ತಿರಲಿಲ್ಲ.

ಈಗ ಪೇಟೆ ಜೇಬಿಗೇ ಬಂದಿದೆ. ಹುಡುಗರು ಹೊಲದ ಬದುವಿನ ಮೇಲೆ ಕೂತು ಫೋನಿನಲ್ಲಿ ಆಪ್ಷನ್ ಆಡ್ತಾರೆ. ಷೇರಿನ ಬೆಲೆ ಇಳಿದರೂ ಷೇರು ನಿಮ್ಮ ಹತ್ತಿರ ಇರುತ್ತೆ. ಆಪ್ಷನ್ ಹಾಗಲ್ಲ, ಅದಕ್ಕೆ ಗಡುವುಂಟು. ಎಣಿಸಿದ ಬೆಲೆ ಗಡುವಿನೊಳಗೆ ಬಾರದಿದ್ದರೆ ಕೊಂಡವನು ಕೊಟ್ಟದ್ದು ಪೂರ್ತಿ ಹೋದೀತು. ಸೆಬಿ 2024ರಲ್ಲಿ ಹೊರತಂದ ಲೆಕ್ಕ ಕೇಳಿ: 2021–22ರಿಂದ ಮೂರು ವರ್ಷದಲ್ಲಿ ಫ್ಯೂಚರ್ಸ್, ಆಪ್ಷನ್ಸ್ ವ್ಯವಹಾರ ಮಾಡಿದ ನಮ್ಮಂಥ ಬಿಡಿ ಜನರಲ್ಲಿ ನೂರಕ್ಕೆ 93 ಮಂದಿಗೆ ನಷ್ಟ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು.

ಇನ್ನೊಂದು ಲೆಕ್ಕ. ಲಕ್ಷದಲ್ಲಿ ಅರ್ಧ ಹೋದರೆ, ಮತ್ತೆ ಲಕ್ಷ ಆಗಲು ಉಳಿದ ಐವತ್ತು ಸಾವಿರ ಎರಡರಷ್ಟಾಗಬೇಕು. ಆ ಹಟಕ್ಕೆ ಬಿದ್ದವನೇ ಸಾಲ ಮಾಡುವುದು.

ಹಾಗಾದರೆ ಷೇರೇ ಕೆಟ್ಟದ್ದೇ? ಖಂಡಿತ ಅಲ್ಲ. ನಮ್ಮ ಸಂಘವೂ ನಿಮ್ಮ ಷೇರಿನಿಂದಲೇ ನಿಂತಿದೆ. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಊರವರನ್ನು ಜೊತೆಗೂಡಿಸಿಯೇ. ಹಿಪ್ಪುನೇರಳೆ ಕಡ್ಡಿ ನೆಟ್ಟು ದಿನಾ ಬೇರು ಕಿತ್ತು ನೋಡಿದರೆ ಸೊಪ್ಪು ಬಂದೀತೇ? ತಿಂಗಳಿಗೆ 500 ರೂಪಾಯಿಯಂತೆ ಹತ್ತು ವರ್ಷ ಕಟ್ಟಿದರೆ 60,000. ಶೇಕಡಾ 7ರ ಚಕ್ರಬಡ್ಡಿ ಸೇರಿದರೆ ಸುಮಾರು 86,000. ಹನಿ ಹನಿ ಕೂಡಿದರೆ ಹಳ್ಳ ಅನ್ನೋದು ಇದಕ್ಕೇ.

ಆದ್ದರಿಂದ ಮೊದಲು ಕೈಸಾಲ ತೀರಿಸಿ. ಆರು ತಿಂಗಳ ಮನೆಖರ್ಚು ಎತ್ತಿಡಿ. ಹತ್ತು ವರ್ಷ ಮುಟ್ಟದೆ ಬಿಡಬಹುದಾದ ದುಡ್ಡಿದ್ದರೆ ಮಾತ್ರ ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಸ್ವಲ್ಪ ಹಾಕಿ. ಏರಿಳಿತ ಅಲ್ಲೂ ಉಂಟು, ತಾಳ್ಮೆ ಬೇಕು. ಬೆಳೆಸಾಲದ ದುಡ್ಡು, ಮದುವೆ ದುಡ್ಡು ಪೇಟೆಗೆ ಬೇಡವೇ ಬೇಡ.

ಆ ಗೆಳೆಯ ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾನೆ. ಅವನನ್ನು ಕೇಳಿಯೇ ಈ ಮಾತು ಹೇಳಿದೆವು. "ಹೇಳಿ, ನಮ್ಮ ಹುಡುಗರಾದರೂ ತಲೆ ಎತ್ತಿ ಉಣ್ಣಲಿ" ಅಂದ.