ಗಾಜಿನ ಕಿಟಕಿಯ ಪಕ್ಕ



ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ಯಾಸ್ಟ್ರೋ ಎಂಬ ಬಡಾವಣೆ ಇದೆ. ಸಲಿಂಗಿಗಳ ನೆಲೆ ಎಂದೇ ಅದು ಹೆಸರುವಾಸಿ. ಕತ್ತಲಾದರೆ ಅಲ್ಲಿ ಹಾಡು, ಕುಣಿತ, ಹರೆಯದವರ ಗದ್ದಲ. ಆ ಬೀದಿಯ ಮೂಲೆಯಲ್ಲೇ ಒಂದು ಹಳೆಯ ಬಾರ್, ಟ್ವಿನ್ ಪೀಕ್ಸ್.

ಹಿಂದೆಲ್ಲ ಇಂಥ ಜಾಗಗಳ ಕಿಟಕಿಗಳನ್ನು ಮುಚ್ಚಿಡುತ್ತಿದ್ದರು. ಒಳಗೆ ಕೂತವರನ್ನು ಯಾರಾದರೂ ಗುರುತಿಸಿದರೆ ಕೆಲಸ ಹೋಗುವ ಭಯ, ಮನೆಯವರು ದೂರಮಾಡುವ ಭಯ. ಇಬ್ಬರು ಗೆಳತಿಯರು ಈ ಬಾರನ್ನು ಕೊಂಡು, 1972ರಲ್ಲಿ ಬೀದಿಯತ್ತ ದೊಡ್ಡ ಗಾಜುಗಳನ್ನು ತೆರೆದಿಟ್ಟರು. ಒಳಗಿನವರು ಹೊರಗಿನವರಿಗೆ ಕಂಡರು. ಎಷ್ಟು ಎದೆಗಾರಿಕೆ ಬೇಕಿತ್ತು ಅದಕ್ಕೆ! 2013ರಲ್ಲಿ ನಗರಾಡಳಿತ ಅದನ್ನು ಪಾರಂಪರಿಕ ತಾಣವೆಂದು ಘೋಷಿಸಿತು.

ಈಗ ಆ ಗಾಜಿನ ಹಿಂದೆ ನರೆಗೂದಲಿನವರೇ ಹೆಚ್ಚು. 1980ರ ದಶಕದಲ್ಲಿ ಏಡ್ಸ್ ಅವರ ತಲೆಮಾರಿನ ಅದೆಷ್ಟೋ ಜನರನ್ನು ಕೊಂಡೊಯ್ಯಿತು. ಉಳಿದವರು ಗೆಳೆಯರ ಹಾಸಿಗೆ ಪಕ್ಕ ಕೂತು, ಉಣಿಸಿ, ಕೊನೆಗೆ ಮಣ್ಣು ಮಾಡಿ ಬಂದವರು. ಅನೇಕರಿಗೆ ಮಕ್ಕಳಿಲ್ಲ. ಇತ್ತ ಇಪ್ಪತ್ತರ ಹುಡುಗನಿಗೆ, ತನ್ನಂತೆಯೇ ಬದುಕಿ ಮುಪ್ಪಾದವರು ಸ್ವಂತ ಮನೆಯಲ್ಲಿ ಸಿಗುವುದು ಅಪರೂಪ. ಹಾಗಾಗಿ, ಪಕ್ಕದ ಕುರ್ಚಿಗೆ ಬಂದು "ಆಗೆಲ್ಲ ಹೇಗಿತ್ತು?" ಎಂದು ಅವನು ಕೇಳಿದರೆ ಆ ಪ್ರಶ್ನೆಗೆ ಬಹಳ ಬೆಲೆ. ಕೇಳುವವರಿದ್ದರೆ, ತೀರಿಹೋದ ಗೆಳೆಯರ ಹೆಸರುಗಳು ಹಿರಿಯರ ಬಾಯಿಗೆ ಮತ್ತೆ ಬರುತ್ತವೆ.

ನಮ್ಮ ಊರುಗಳಲ್ಲೂ ಇಂಥ ಹಿರಿಯರಿದ್ದಾರೆ. ಬಹುಕಾಲ ಬಾಯಿ ಬಿಡದೆ ಬದುಕಿದವರು. ಅವರು ಮಾತಾಡಲು ಬಯಸಿದ ದಿನ, ದಯವಿಟ್ಟು ಎದ್ದು ಹೋಗಬೇಡಿ. ಕೂತು ಕೇಳಿ.